ಗಡಿಯೂರಿನ ಚರಿತ್ರೆ ಬರೆಯೋಕೆ ಕೂತವರಿಗೆ

ಮೊಳಕಾಲ್ಮೂರು ತಾಲ್ಲೂಕು ಚಿತ್ರದುರ್ಗ ಜಿಲ್ಲೆಯ ಉತ್ತರದ ತುದಿ. ಒಂದು ಕಡೆ ಬಳ್ಳಾರಿ ಜಿಲ್ಲೆ, ಇನ್ನೊಂದು ಕಡೆ ಆಂಧ್ರದ ರಾಯದುರ್ಗ. ಇಲ್ಲಿನ ಸಣ್ಣ ಊರುಗಳ ಬಗ್ಗೆ ಬರೆದದ್ದು ತುಂಬಾ ಕಡಿಮೆ. ಬರೆಯುವವರು ದುರ್ಗದ ಕೋಟೆ, ಪಾಳೇಗಾರರು ಅಂತ ಶುರು ಮಾಡಿ ಅಲ್ಲೇ ಮುಗಿಸಿಬಿಡುತ್ತಾರೆ. ಊರ ಬಾವಿ ತೋಡಿಸಿದ್ದು ಯಾರು, ಯಾವ ಬರದಲ್ಲಿ ಯಾವ ಮನೆಯವರು ಊರು ಬಿಟ್ಟರು, ಗಡಿಯಾಚೆಗೆ ಕೊಟ್ಟ ಹೆಣ್ಣುಮಕ್ಕಳು ಯಾರ್ಯಾರು, ಇದೆಲ್ಲ ಎಂಬತ್ತು ದಾಟಿದ ನಾಲ್ಕಾರು ಜನರ ತಲೆಯಲ್ಲಿ ಮಾತ್ರ ಇರುತ್ತದೆ. ಅವರು ಹೋದರೆ ಅದೂ ಹೋಯಿತು. ಹೊರಗಿನವರು ಯಾರೋ ಬಂದು ಬರೆಯುತ್ತಾರೆ ಅಂತ ಕಾಯಬೇಡಿ, ನಿಮ್ಮೂರಿನದನ್ನು ನೀವೇ ಬರೆಯಿರಿ. ಡಿಗ್ರಿ ಬೇಕಿಲ್ಲ. ಒಂದು ನೋಟ್‌ಬುಕ್, ಒಂದು ಮೊಬೈಲ್, ಕಾಲಲ್ಲಿ ಓಡಾಡುವ ಶಕ್ತಿ, ಜೊತೆಗೆ ಜಾಸ್ತಿ ಕೇಳಿ ಕಡಿಮೆ ಮಾತಾಡುವ ಅಭ್ಯಾಸ ಇದ್ದರೆ ಸಾಕು.

ಮೊದಲು ಗಡಿಯ ಲೆಕ್ಕ ಸರಿ ಮಾಡಿಕೊಳ್ಳಿ. ಇದನ್ನು ಬಿಟ್ಟರೆ ಮುಂದೆ ಎಲ್ಲವೂ ಗೋಜಲಾಗುತ್ತದೆ. ಮೊಳಕಾಲ್ಮೂರು ಮೈಸೂರು ಸಂಸ್ಥಾನದಲ್ಲಿತ್ತು. ಪಕ್ಕದ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಆಗ ರಾಯದುರ್ಗವೂ ಬಳ್ಳಾರಿ ಜಿಲ್ಲೆಯದೇ ತಾಲ್ಲೂಕು. ಅಂದರೆ ನಮ್ಮ ಗಡಿಯೂರಿನವರಿಗೆ ಬಳ್ಳಾರಿ ಕಡೆಗೆ ಹೋದರೂ ರಾಯದುರ್ಗದ ಕಡೆಗೆ ಹೋದರೂ ಸಿಗುತ್ತಿದ್ದದ್ದು ಮದ್ರಾಸಿನ ಸರ್ಕಾರವೇ. 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಆಯಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆ ಹೋದವು, ಬಳ್ಳಾರಿ ಜಿಲ್ಲೆಯ ಉಳಿದ ಭಾಗ ಮೈಸೂರಿಗೆ ಬಂತು. ಅವತ್ತಿನಿಂದ ಉತ್ತರದ ಗಡಿ ಬರೀ ಜಿಲ್ಲೆಯ ಗಡಿಯಾಯಿತು, ಪೂರ್ವದ್ದು ರಾಜ್ಯದ ಗಡಿಯಾಗಿ ಗಟ್ಟಿಯಾಯಿತು. ಒಂದೇ ಊರಿಗೆ ಒಂದು ಗಡಿ ಸಡಿಲವಾಗಿ ಇನ್ನೊಂದು ಬಿಗಿಯಾದದ್ದು ನನಗಂತೂ ಈ ಸೀಮೆಯ ಚರಿತ್ರೆಯಲ್ಲಿ ಎಲ್ಲಕ್ಕಿಂತ ದೊಡ್ಡ ಸಂಗತಿ. ಕೋಟೆ ಕೊತ್ತಲದ ಕಥೆಗಿಂತ ಇದು ಜನರ ಬದುಕನ್ನು ಹತ್ತಿರದಿಂದ ಮುಟ್ಟಿದೆ.

ಹಾಗಾಗಿ ಒಂದು ದೊಡ್ಡ ಹಾಳೆ ತಗೊಂಡು ಸುತ್ತಲಿನ ಊರುಗಳ ಹೆಸರು ಬರೆಯಿರಿ. ಪ್ರತಿ ಊರಿನ ಮುಂದೆ 1950ರಲ್ಲಿ ಯಾವ ಸರ್ಕಾರ, 1954ರಲ್ಲಿ ಯಾವುದು, 1956ರ ನವೆಂಬರ್ ಆದಮೇಲೆ ಯಾವುದು, ಈಗ ಯಾವ ಜಿಲ್ಲೆ, ಯಾವ ತಾಲ್ಲೂಕು ಅಂತ ತುಂಬಿಸಿ. ದಾವಣಗೆರೆ ಕಡೆಯವರಿಗೆ ಇದು ಇನ್ನೂ ಮುಖ್ಯ. ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು, 1997ರ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆಯಾದಾಗ ಅಲ್ಲಿಗೆ ಸೇರಿತು. ಹರಪನಹಳ್ಳಿ ಬಳ್ಳಾರಿಯಿಂದ ದಾವಣಗೆರೆಗೆ ಬಂತು, 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಯಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಊರು ಇದ್ದಲ್ಲೇ ಇದೆ, ಕಚೇರಿ ಮಾತ್ರ ಬದಲಾಗಿದೆ. ಹಳೇ ಕಾಗದ ಎಷ್ಟೋ ಸಲ ಹಳೇ ಜಿಲ್ಲೆಯ ಕಚೇರಿಯಲ್ಲೇ ಉಳಿದಿರುತ್ತದೆ. ಈ ಹಾಳೆ ಕೈಯಲ್ಲಿದ್ದರೆ ಎಲ್ಲಿ ಹುಡುಕಬೇಕು ಅಂತ ಗೊತ್ತಾಗುತ್ತದೆ.

ಆಮೇಲೆ ಊರಿನ ನಕ್ಷೆ. ಸರ್ವೆ ಇಲಾಖೆಯ ವೆಬ್‌ಸೈಟಿನಲ್ಲಿ ಊರಿನ ನಕ್ಷೆ ಸಿಗುತ್ತದೆ. ಅದನ್ನು ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ದನ ಕಾಯ್ದು ಗೊತ್ತಿರುವ ಹಿರಿಯರೊಬ್ಬರನ್ನು ಕರಕೊಂಡು ಬೆಳಗ್ಗೆಯೇ ಹೊರಡಿ. ದನ ಕಾಯ್ದವರಿಗೆ ಗೊತ್ತಿರುವಷ್ಟು ನೆಲ ಹೊಲದ ಮಾಲೀಕರಿಗೂ ಗೊತ್ತಿರೋದಿಲ್ಲ. ಊರು ಕಟ್ಟುವಾಗ ನೆಟ್ಟ ಕರುಗಲ್ಲು, ಮೂರು ಊರು ಸೇರುವ ಗಡಿಕಲ್ಲು, ಹೂಳು ತುಂಬಿದ ಬಾವಿ, ಕೆರೆಯ ತೂಬು, ದನದ ರೊಪ್ಪ, ಹಳೇ ಗಾಡಿದಾರಿ, ಎಲ್ಲವನ್ನೂ ನಕ್ಷೆಯ ಮೇಲೆ ಗುರುತು ಹಾಕಿ. ಹೊಲಗಳ ಹೆಸರು ಕೇಳಿ. ಸರ್ವೆ ನಂಬರು ಎಲ್ಲರಿಗೂ ಸಿಗುತ್ತದೆ, ಆದರೆ ‘ಬಾವಿ ಹೊಲ’, ‘ದೇವರ ಮಾನ್ಯ’ ಅನ್ನುವ ಹೆಸರು ಉಳುಮೆ ಮಾಡುವವರ ಬಾಯಲ್ಲಿ ಮಾತ್ರ. ಮಾನ್ಯ, ಇನಾಂ ಅಂತ ಬಂದ ಕಡೆ ಯಾವ ಸೇವೆಗೆ ಬಿಟ್ಟ ಜಮೀನು ಅಂತ ವಿಚಾರಿಸಿ. ಅದರ ಹಿಂದೆ ಒಂದು ಗುಡಿಯೋ, ಒಂದು ಕೆರೆಯೋ, ಕೆರೆ ನೀರು ಬಿಡುವ ನೀರುಗಂಟಿಯ ಮನೆಯೋ ಇರುತ್ತದೆ.

ಸರ್ಕಾರದ ಪಟ್ಟಿಯಲ್ಲಿ ಬೇಚರಾಕ್ ಅಂತ ಕೆಲವು ಊರು ಇರುತ್ತವೆ. ಹೆಸರುಂಟು, ಜಮೀನುಂಟು, ಮನೆ ಒಂದೂ ಇಲ್ಲ. ಅಂಥದ್ದು ನಿಮ್ಮ ಪಕ್ಕದಲ್ಲಿದ್ದರೆ ಬಿಡಬೇಡಿ. ಪ್ಲೇಗಿಗೋ, ಬರಕ್ಕೋ, ನೀರಿಲ್ಲದ್ದಕ್ಕೋ ಆ ಜನ ಎದ್ದು ಬಂದಿರುತ್ತಾರೆ, ಮತ್ತು ಬಹಳ ಸಲ ಅವರ ಮೊಮ್ಮಕ್ಕಳು ನಿಮ್ಮೂರಿನಲ್ಲೇ ಇರುತ್ತಾರೆ. ಮನೆದೇವರು ಯಾವುದು, ವರ್ಷಕ್ಕೊಮ್ಮೆ ಎಲ್ಲಿಗೆ ಹೋಗಿ ಎಡೆ ಹಾಕುತ್ತೀರಿ ಅಂತ ಕೇಳಿದರೆ ಸಾಕು, ಹಾಳೂರಿನ ದಾರಿ ಅವರೇ ತೋರಿಸುತ್ತಾರೆ.

ಇನ್ನು ಕಲ್ಲುಗಳು. ಈ ತಾಲ್ಲೂಕಿನವರಿಗೆ ಕಲ್ಲಿನ ಬಗ್ಗೆ ಹೆಮ್ಮೆ ಇರಬೇಕು. ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರ, ಮೂರೂ ಕಡೆ ಅಶೋಕನ ಶಾಸನ ಇದೆ. 1892ರಲ್ಲಿ ಶಾಸನ ತಜ್ಞ ಬಿ. ಎಲ್. ರೈಸ್ ಅವುಗಳನ್ನು ಪತ್ತೆ ಮಾಡಿದರು. ಅಶೋಕನ ದಕ್ಷಿಣದ ಆಡಳಿತ ಕೇಂದ್ರ ಸುವರ್ಣಗಿರಿಯಿಂದ ಇಲ್ಲಿದ್ದ ಇಸಿಲ ಅನ್ನುವ ಪಟ್ಟಣದ ಅಧಿಕಾರಿಗಳಿಗೆ ಬಂದ ಮಾತು ಅದು: ತಂದೆತಾಯಿಯ ಮಾತು ಕೇಳಿ, ಜೀವಿಗಳನ್ನು ಕಾಪಾಡಿ, ಸತ್ಯ ಹೇಳಿ ಅಂತ. ಕೊನೆಯಲ್ಲಿ ಚಪಡ ಅನ್ನುವ ಬರಹಗಾರ ತನ್ನ ಕೆಲಸದ ಗುರುತನ್ನು ಖರೋಷ್ಠಿ ಲಿಪಿಯಲ್ಲಿ ಹಾಕಿದ್ದಾನೆ. ಅದು ವಾಯುವ್ಯದ ಗಾಂಧಾರದ ಕಡೆಯ ಲಿಪಿ. ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಅಷ್ಟು ದೂರದ ಬರವಣಿಗೆ ಕಲಿತವನೊಬ್ಬ ನಮ್ಮ ಬಂಡೆಯ ಮುಂದೆ ಕೂತಿದ್ದ! 1947ರಲ್ಲಿ ಪುರಾತತ್ವ ತಜ್ಞ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಅಗೆದಾಗ ಅದಕ್ಕಿಂತ ಹಳೆಯದೂ ಸಿಕ್ಕಿತು. ಮೊದಲು ಕಲ್ಲಿನ ಕೊಡಲಿ ಬಳಸಿದವರು, ಆಮೇಲೆ ದೊಡ್ಡ ಕಲ್ಲು ನಿಲ್ಲಿಸಿ ಗೋರಿ ಕಟ್ಟಿದವರು, ಅದರ ಮೇಲೆ ಸಾತವಾಹನರ ಕಾಲದವರು. ಪಾಳೇಗಾರರಿಂದ ಊರ ಕಥೆ ಶುರು ಮಾಡುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೇದು. ನಿಮ್ಮೂರ ಗುಡ್ಡದ ಪಕ್ಕ ಪಾಂಡವರ ಮನೆ ಅಂತ ಕರೆಯುವ ಚಪ್ಪಡಿಗಳಿದ್ದರೆ ಅವು ಆ ಕಾಲದ ಗೋರಿಗಳಿರಬಹುದು. ನೋಡಿ, ಅಳತೆ ತಗೊಳ್ಳಿ, ಫೋಟೋ ಹೊಡೆಯಿರಿ. ಅಗೆಯಬೇಡಿ, ಒಂದು ಗುದ್ದಲಿಯಷ್ಟೂ ಬೇಡ. ಪುರಾತತ್ವ ಇಲಾಖೆಗೆ ಪತ್ರ ಬರೆಯಿರಿ.

ಎಲ್ಲ ಊರಿಗೂ ಅಶೋಕ ಬರೋದಿಲ್ಲ, ಆದರೆ ವೀರಗಲ್ಲು ಅಥವಾ ಸತಿ ಹೋದವಳ ನೆನಪಿನ ಮಾಸ್ತಿಗಲ್ಲು ಬಹುಪಾಲು ಊರಲ್ಲಿ ಸಿಗುತ್ತದೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಹೋರಾಟ, ನಡುವಿನದ್ದರಲ್ಲಿ ಸತ್ತವನನ್ನು ಅಪ್ಸರೆಯರು ಎತ್ತಿಕೊಂಡು ಹೋಗೋದು, ಮೇಲೆ ಲಿಂಗದ ಮುಂದೆ ಅವನು ಕೂತಿರೋದು, ನೆತ್ತಿಯಲ್ಲಿ ಸೂರ್ಯ ಚಂದ್ರ. ಕೆಳಗಿನ ಪಟ್ಟಿಯನ್ನು ಮೂಗು ಹತ್ತಿರ ತಂದು ನೋಡಿ. ಮೂಲೆಯಲ್ಲಿ ದನಗಳ ಸಾಲು ಇದ್ದರೆ ಅದು ತುರುಗೋಳ್, ದನ ಹೊಡೆದುಕೊಂಡು ಹೋದವರ ಜೊತೆ ಕಾದಾಡಿ ಸತ್ತವನ ಕಲ್ಲು. ಕೈಯಲ್ಲಿ ಬಿಲ್ಲಿದೆಯಾ ಕತ್ತಿಯಿದೆಯಾ, ಕುದುರೆ ಇದೆಯಾ, ಎದುರಾಳಿ ಒಬ್ಬನಾ ಹಲವರಾ, ಎಲ್ಲ ಬರಕೊಳ್ಳಿ. ಕಂಬದಿಂದ ಚಾಚಿದ ಬಳೆ ತೊಟ್ಟ ಕೈ ಕಂಡರೆ ಅದು ಮಾಸ್ತಿಗಲ್ಲು. ಪಟ್ಟಿಗಳ ನಡುವಿನ ಏಣಿನ ಮೇಲೆ ಅಕ್ಷರ ಇರುತ್ತದೆ, ಮಧ್ಯಾಹ್ನದ ಬಿಸಿಲಲ್ಲಿ ಅದು ಕಾಣೋದೇ ಇಲ್ಲ. ಬೆಳಗ್ಗೆ ಅಥವಾ ಸಂಜೆ ಬಿಸಿಲು ಪಕ್ಕದಿಂದ ಬೀಳುವಾಗ ಹೋಗಿ, ಇಲ್ಲವೇ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಹಿಡಿದು ಫೋಟೋ ತಗೊಳ್ಳಿ. ಅಕ್ಷರ ಎದ್ದು ಬರುತ್ತದೆ. ಸೀಮೆಸುಣ್ಣ, ಪೇಂಟು, ಎಣ್ಣೆ ಹಚ್ಚಬೇಡಿ, ತಂತಿ ಬ್ರಷ್ಷಿನಲ್ಲಿ ಉಜ್ಜಬೇಡಿ. ನೀರು ಚಿಮುಕಿಸಿ ಮೆತ್ತಗಿನ ಬಟ್ಟೆಯಲ್ಲಿ ಮಣ್ಣು ಒರೆಸಿದರೆ ಸಾಕು. ಜನ ಪೂಜೆ ಮಾಡುವ ಕಲ್ಲಾದರೆ ಪೂಜಾರಿಯನ್ನು ಕೇಳದೆ ಅದನ್ನೂ ಮಾಡಬೇಡಿ.

ಆ ಕಲ್ಲನ್ನು ಯಾರಾದರೂ ಈ ಮೊದಲೇ ಓದಿದ್ದಾರಾ ಅಂತ ನೋಡಲು ಶಾಸನಗಳ ಪಾಠ ಅಚ್ಚಾಗಿರುವ ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟ ತೆಗೆಯಿರಿ. ಅದು ಹಳೇ ಚಿತ್ರದುರ್ಗ ಜಿಲ್ಲೆಯದು, ದಾವಣಗೆರೆ, ಜಗಳೂರು ತಾಲ್ಲೂಕೂ ಅದರಲ್ಲೇ ಇವೆ. ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಇಂಗ್ಲಿಷರ ಕಾಲದ ಪುಸ್ತಕಗಳಲ್ಲಿ ಜಿಲ್ಲೆಯ ಹೆಸರು ಚಿತಲ್‌ದ್ರೂಗ್ (Chitaldroog) ಅಂತ ಇರುತ್ತದೆ, ಆ ಸ್ಪೆಲಿಂಗ್ ಹಾಕಿ ಹುಡುಕಿದರೆ ಬೇಗ ಸಿಗುತ್ತದೆ. ಇನ್ನೊಂದು ಮಾತು: ರಾಯದುರ್ಗದ ಕಡೆಯ ಊರುಗಳ ಬಗ್ಗೆ ಹಳೇ ಗೆಜೆಟಿಯರ್, ಅಂದರೆ ಸರ್ಕಾರದ ಜಿಲ್ಲಾ ವಿವರದ ಪುಸ್ತಕ ಬೇಕಾದರೆ, ರಾಯದುರ್ಗ ಈಗಿರುವ ಅನಂತಪುರ ಜಿಲ್ಲೆಯದು ತೆಗೆದರೆ ಸಿಗೋದಿಲ್ಲ. 1904ರ ಬಳ್ಳಾರಿ ಗೆಜೆಟಿಯರ್ ನೋಡಬೇಕು. ಕಾರಣ ಮೇಲೆ ಹೇಳಿದ್ದೇ.

ಈಗ ಮುಖ್ಯ ಕೆಲಸಕ್ಕೆ ಬರೋಣ, ಹಿರಿಯರ ಮಾತು ಕೇಳೋದು. ‘ತಾತ, ಊರಿನ ಇತಿಹಾಸ ಹೇಳಿ’ ಅಂತ ಕೇಳಿದರೆ ಏನೂ ಬರೋದಿಲ್ಲ. ‘ನಮಗೇನ್ ಗೊತ್ತಪ್ಪ, ಓದಿದೋರನ್ನ ಕೇಳು’ ಅಂತ ಎದ್ದು ಹೋಗುತ್ತಾರೆ. ಅವರ ಸ್ವಂತ ಬದುಕಿನ ಸಣ್ಣ ಸಂಗತಿಯಿಂದ ಶುರು ಮಾಡಿ. ಮಾತು ಹೀಗೆ ಸಾಗುತ್ತದೆ:

‘ಅವ್ವ, ನಿಮ್ಮ ತವರು ಯಾವೂರು?’
‘ರಾಯದುರ್ಗದ ಕಡೇದು ಕಣಪ್ಪ.’
‘ಮದುವೆಯಾಗಿ ಬಂದಾಗ ಬಸ್ಸಿತ್ತಾ?’
‘ಎಲ್ಲಿ ಬಸ್ಸು, ಗಾಡಿ ಕಟ್ಕೊಂಡು ಬಂದ್ವಿ. ಅವತ್ತು ಹಳ್ಳ ಬಂದಿತ್ತು, ಆಚೆ ದಡದಾಗೇ ಒಂದಿನ ಕಾಯ್ದ್ವಿ.’

ಇಷ್ಟರಲ್ಲೇ ಎಷ್ಟೊಂದು ಇದೆ ನೋಡಿ. ಯಾವ ಹಳ್ಳ, ಆಮೇಲೆ ಸೇತುವೆ ಆಯಿತಾ, ಗಾಡಿ ಯಾರ ಮನೆಯದು, ಕಾಯ್ದ ರಾತ್ರಿ ಊಟ ಎಲ್ಲಿ, ಗಂಡನ ಮನೆಯಲ್ಲಿ ಕನ್ನಡವೋ ತೆಲುಗೋ, ಅತ್ತೆಯ ಮಾತು ಅರ್ಥವಾಗುತ್ತಿತ್ತಾ, ತವರಿಗೆ ವರ್ಷಕ್ಕೆ ಎಷ್ಟು ಸಲ ಹೋಗುತ್ತಿದ್ದರು. ಒಂದು ಉತ್ತರಕ್ಕೆ ಹತ್ತು ಪ್ರಶ್ನೆ ಕಟ್ಟಿಕೊಳ್ಳುತ್ತದೆ. ಮಧ್ಯೆ ಬಾಯಿ ಹಾಕಬೇಡಿ. ಸುಮ್ನೆ ಕೂತರೆ ಅವರೇ ಮುಂದುವರಿಸುತ್ತಾರೆ. ಹೆಂಗಸರ ಹತ್ತಿರ ಬೇರೆಯಾಗಿ ಮಾತಾಡಿ, ಮನೆಯ ಗಂಡಸರು ಕೂತಿದ್ದರೆ ಅವರೇ ಉತ್ತರ ಕೊಟ್ಟುಬಿಡುತ್ತಾರೆ. ಊರ ನಡುವಿನ ಮನೆಗಳನ್ನಷ್ಟೇ ಸುತ್ತಿ ಬಂದರೆ ಅದು ಅರ್ಧ ಊರಿನ ಚರಿತ್ರೆ. ಕೇರಿಗಳಿಗೆ, ಗೊಲ್ಲರಹಟ್ಟಿಗೆ, ತಾಂಡಾಕ್ಕೆ ಹೋಗಿ. ಬಾವಿಯ ನೀರು ಯಾರಿಗೆ ಸಿಗುತ್ತಿತ್ತು, ಹೋಟೆಲಿನಲ್ಲಿ ಲೋಟ ಬೇರೆ ಇತ್ತಾ, ಗುಡಿಯ ಒಳಗೆ ಯಾರು ಹೋಗುತ್ತಿದ್ದರು, ಇದನ್ನು ಅನುಭವಿಸಿದವರ ಬಾಯಿಂದಲೇ ಬರೆಸಿಕೊಳ್ಳಬೇಕು. ಊರಿಗೆ ಕೆಟ್ಟ ಹೆಸರು ಬರುತ್ತದೆ ಅಂತ ಇದನ್ನು ಬಿಟ್ಟು ಬರೆದ ಪುಸ್ತಕಗಳನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಇಸವಿ ಕೇಳಬೇಡಿ, ಯಾರಿಗೂ ನೆನಪಿರೋದಿಲ್ಲ. ಗೊತ್ತಿರುವ ಘಟನೆಗೆ ಕಟ್ಟಿ ಕೇಳಿ. ಗಾಂಧೀಜಿ ತೀರಿಕೊಂಡಾಗ ನೀವು ಎಷ್ಟು ದೊಡ್ಡವರಿದ್ದಿರಿ ಅಂದರೆ 1948. ಇಂದಿರಾ ಗಾಂಧಿ ಸತ್ತಾಗ ಮಗ ಹುಟ್ಟಿದ್ದನಾ ಅಂದರೆ 1984. ಕರೆಂಟು ಬರೋದಕ್ಕೆ ಮುಂಚೆಯಾ, ಮೊದಲ ಬೋರ್‌ವೆಲ್ ಹಾಕಿಸಿದ ಮೇಲಾ ಅಂತಲೂ ಕೇಳಬಹುದು. ಹಳಬರು ಸಂವತ್ಸರದ ಹೆಸರು ಹೇಳಿದರೆ ಹುಷಾರಾಗಿರಿ, ಅರವತ್ತು ವರ್ಷಕ್ಕೆ ಅದೇ ಹೆಸರು ಮತ್ತೆ ಬರುತ್ತದೆ. ಧಾತು ಅಂದರೆ 1876-77 ಇರಬಹುದು, 1936-37 ಇರಬಹುದು, 1996-97 ಕೂಡ ಇರಬಹುದು. ‘ಧಾತು ಬರ’ ಅಂತ ಅಜ್ಜಂದಿರ ಕಾಲದ ಮಾತಾಗಿ ಹೇಳಿದರೆ ಅದು ಮೊದಲನೆಯದು, ದಕ್ಷಿಣ ಭಾರತದ ಆ ಮಹಾ ಬರ. ರಾಯದುರ್ಗ ಆಂಧ್ರಕ್ಕೆ ಹೋದದ್ದು ವಿಜಯ ಸಂವತ್ಸರದಲ್ಲಿ. ಈ ಲೆಕ್ಕವನ್ನೆಲ್ಲ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಮೊದಲೇ ಬರೆದಿಟ್ಟುಕೊಳ್ಳಿ.

ರೆಕಾರ್ಡ್ ಮಾಡುವಾಗ ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಮಡಚಿದ ಟವೆಲ್ಲಿನ ಮೇಲೆ ಅದನ್ನಿಡಿ. ರೆಕಾರ್ಡ್ ಮಾಡ್ತೀನಿ ಅಂತ ಹೇಳಿಯೇ ಶುರು ಮಾಡಿ. ಹೆಸರು, ಊರು, ತಾರೀಖನ್ನು ನೀವೇ ಮೊದಲು ಹೇಳಿಬಿಡಿ, ಆಮೇಲೆ ಫೈಲುಗಳು ಬೆರೆತು ಹೋಗೋದಿಲ್ಲ. ಅವತ್ತೇ ರಾತ್ರಿ ಇನ್ನೊಂದು ಕಡೆ ಕಾಪಿ ಮಾಡಿ.

ಗಡಿಯೂರಿಗೇ ಅಂತ ಕೆಲವು ಪ್ರಶ್ನೆಗಳಿವೆ, ಬೇರೆ ಊರಿನವರಿಗೆ ಇವು ಹೊಳೆಯೋದೇ ಇಲ್ಲ. 1995ರ ಜನವರಿಯಲ್ಲಿ ಆಂಧ್ರದಲ್ಲಿ ಹೆಂಡ ಪೂರ್ತಿ ಬಂದ್ ಆಯಿತು, ಎರಡು ವರ್ಷ ಆದಮೇಲೆ ಸಡಿಲ ಮಾಡಿದರು. ಆಗ ಈ ಕಡೆಯ ಅಂಗಡಿಗಳಲ್ಲಿ ಏನಾಯಿತು, ರಾತ್ರಿ ಹೊಲದ ದಾರಿಯಲ್ಲಿ ಏನು ಓಡಾಡಿತು, ಯಾರ ಮನೆ ಹಾಳಾಯಿತು? 2007ರಲ್ಲಿ ನಮ್ಮ ಕಡೆ ಸಾರಾಯಿ ನಿಂತಾಗ ಏನು ಬದಲಾಯಿತು? ಜಾತಿ ಸರ್ಟಿಫಿಕೇಟಿನದು ಇನ್ನೊಂದು. ಕರ್ನಾಟಕದಲ್ಲಿ ನಾಯಕರು 1991ರಿಂದ ಪರಿಶಿಷ್ಟ ಪಂಗಡದಲ್ಲಿದ್ದಾರೆ, ರಾಯದುರ್ಗದ ಕಡೆಯ ಬೋಯರು ಹಿಂದುಳಿದ ವರ್ಗದಲ್ಲಿದ್ದಾರೆ. ಕೊಟ್ಟು ತಂದು ಮಾಡುವ ನೆಂಟರು, ಒಂದೇ ಮನೆದೇವರು, ಸರ್ಕಾರದ ಕಾಗದದಲ್ಲಿ ಮಾತ್ರ ಬೇರೆ ಬೇರೆ. ಆ ಕಡೆಯಿಂದ ಸೊಸೆಯಾಗಿ ಬಂದ ಹುಡುಗಿ ಇಲ್ಲಿ ಕೆಲಸಕ್ಕೆ ಅರ್ಜಿ ಹಾಕುವಾಗ ಏನು ಪಾಡು ಪಟ್ಟಳು ಅಂತ ಕೇಳಿ. ಮಕ್ಕಳನ್ನು ಯಾವ ಭಾಷೆಯ ಶಾಲೆಗೆ ಹಾಕಿದರು, ಶೇಂಗಾ ಯಾವ ಕಡೆಯ ಮಂಡಿಗೆ ಹೋಗುತ್ತದೆ, ಹೆರಿಗೆಗೆ ಯಾವ ಕಡೆ ಓಡುತ್ತಾರೆ, ಯಾವ ಜಾತ್ರೆಗೆ ಎರಡೂ ಕಡೆಯವರು ಗಾಡಿ ಕಟ್ಟುತ್ತಾರೆ. ಗೌರಸಮುದ್ರದ ಮಾರಮ್ಮನ ಜಾತ್ರೆಯಲ್ಲಿ ಒಂದು ದಿನ ನಿಂತು ಮಾತು ಕೇಳಿಸಿಕೊಂಡರೆ ಗಡಿ ಅನ್ನೋದು ದೇವರಿಗೆ ಎಷ್ಟು ಲೆಕ್ಕಕ್ಕಿಲ್ಲ ಅಂತ ತಿಳಿಯುತ್ತದೆ.

ಕಸುಬುಗಳನ್ನು ದೂರದಿಂದ ಬರೆಯಬೇಡಿ. ಮೊಳಕಾಲ್ಮೂರು ಸೀರೆ ಪ್ರಸಿದ್ಧ ಅಂತ ಒಂದು ಸಾಲು ಬರೆದರೆ ಯಾರಿಗೂ ಉಪಯೋಗ ಇಲ್ಲ. ಮಗ್ಗದ ಮನೆಗೆ ಹೋಗಿ ಕೂತುಕೊಳ್ಳಿ. ಹಾಸಿನ (ಉದ್ದ ಎಳೆಯ) ರೇಷ್ಮೆ ಎಲ್ಲಿಂದ ಬರುತ್ತದೆ, ಲಾಳಿಗೆ ನೂಲಿನ ಕಂಡಿಕೆ ಸುತ್ತುವವರು ಯಾರು, ಅಂಚಿಗೂ ಒಡಲಿಗೂ ಲಾಳಿ ಬೇರೆಯಾ, ಒಂದು ಸೀರೆ ಇಳಿಯಲು ಎಷ್ಟು ದಿನ, ಕೂಲಿ ಎಷ್ಟು, ಮಗ್ಗದ ಮಾಲೀಕ ನೇಯುವವನೇನಾ ಅಥವಾ ಸಾಹುಕಾರನಾ, ಮಗ ಇದೇ ಕೆಲಸಕ್ಕೆ ಕೂತಿದ್ದಾನಾ ಬೆಂಗಳೂರಿಗೆ ಹೋದನಾ. ಮ್ಯಾಸಬೇಡರ ದೇವರ ಎತ್ತುಗಳ ವಿಚಾರವೂ ಹಾಗೆಯೇ. ರೊಪ್ಪದ ಹತ್ತಿರ ಹೋಗಿ ಎತ್ತು ಕಾಯುವ ಕಿಲಾರಿಯನ್ನು ಮಾತಾಡಿಸಿ, ಮೇವು ಯಾರು ಕೊಡುತ್ತಾರೆ, ಬೇಸಿಗೆಯಲ್ಲಿ ಎಲ್ಲಿಗೆ ಹೊಡೆದುಕೊಂಡು ಹೋಗುತ್ತಾರೆ, ಎತ್ತು ಸತ್ತರೆ ಏನು ಮಾಡುತ್ತಾರೆ ಅಂತ ಕೇಳಿ. ರೊಪ್ಪದ ಒಳಗೆ ಚಪ್ಪಲಿ ಹಾಕಿಕೊಂಡು ಕಾಲಿಡಬೇಡಿ.

ಕಾಗದಗಳ ವಿಷಯ. ಮೈಸೂರು ಸೀಮೆಯಲ್ಲಿ ಊರ ಲೆಕ್ಕ ಬರೆದವರು ಶಾನುಭೋಗರು, ಮದ್ರಾಸ್ ಕಡೆ ಕರಣಂ. ನಮ್ಮ ಕಡೆ ಪಟೇಲ, ಶಾನುಭೋಗರ ವಂಶಪಾರಂಪರ್ಯದ ಹುದ್ದೆ 1963ರಲ್ಲಿ ಹೋಯಿತು, ಆಂಧ್ರದಲ್ಲಿ ಕರಣಂ, ಮುನಸಬು (ಊರ ಮುಖ್ಯಸ್ಥ) ಹುದ್ದೆ 1984ರವರೆಗೂ ಇತ್ತು. ಹಾಗಾಗಿ ಆ ಕಡೆಯ ಊರಿನಲ್ಲಿ ಲೆಕ್ಕ ಬರೆದ ಕೈಗಳೇ ಇನ್ನೂ ಬದುಕಿರಬಹುದು. ಶಾನುಭೋಗರ ಮನೆಯ ಅಟ್ಟದಲ್ಲಿ ಕಡತ ಸಿಕ್ಕರೆ ಅದೃಷ್ಟ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕ ಅದು, ಬರೆದದ್ದು ಬಳಪದಲ್ಲಿ. ಬೆರಳು ಉಜ್ಜಿದರೆ ಅಕ್ಷರ ಅಳಿಸಿ ಹೋಗುತ್ತದೆ, ಒದ್ದೆ ಕೈಯಂತೂ ತಾಗಲೇಬಾರದು. ಮಡಿಕೆ ಬಿಡಿಸಿದ ಹಾಗೆ ಒಂದೊಂದನ್ನೇ ಫೋಟೋ ತೆಗೆದು, ಅಲ್ಲೇ ವಾಪಸ್ ಕೊಟ್ಟು ಬನ್ನಿ. ಮನೆಗೆ ತರಬೇಡಿ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೈಬರಹದ ಪಹಣಿಗೆ ಅರ್ಜಿ ಹಾಕಬಹುದು. 1951ರಿಂದ ಈಚೆಗಿನ ಜಿಲ್ಲಾ ಜನಗಣತಿ ಕೈಪಿಡಿಗಳಲ್ಲಿ ಊರೂರಿನ ಜನಸಂಖ್ಯೆ ಇರುತ್ತದೆ, ಒಂದರ ಪಕ್ಕ ಒಂದು ಇಟ್ಟು ನೋಡಿ, ಸಂಖ್ಯೆ ಇಳಿದ ಕಡೆ ಗುಳೆ ಹೋದವರ ಕಥೆ ಇರುತ್ತದೆ. ಶಾಲೆಯ ದಾಖಲಾತಿ ಪುಸ್ತಕವೂ ಚಿನ್ನದಂಥದ್ದು, ಮೊದಲ ಹೆಣ್ಣುಮಗು ಯಾವ ವರ್ಷ ಸೇರಿತು ಅನ್ನೋದು ಅಲ್ಲೇ ಸಿಗುತ್ತದೆ. ಹೆಡ್‌ಮಾಸ್ಟರ ಒಪ್ಪಿಗೆ ಬೇಕು, ಮತ್ತು ಅಲ್ಲಿನ ಹೆಸರು ಜಾತಿಗಳನ್ನು ಪುಸ್ತಕದಲ್ಲಿ ಅಚ್ಚು ಹಾಕಬಾರದು.

ಬರೆಯಲು ಕೂತಾಗ ಕೇಳಿದ್ದು, ಕಂಡದ್ದು, ಕಾಗದದಲ್ಲಿದ್ದದ್ದು, ಮೂರನ್ನೂ ಬೆರೆಸಬೇಡಿ. ಜಟಾಯು ಬಿದ್ದದ್ದು ಜಟಿಂಗ ರಾಮೇಶ್ವರದ ಬೆಟ್ಟದ ಮೇಲೆ ಅಂತ ನಮ್ಮ ಕಡೆ ಹೇಳುತ್ತಾರೆ. ಅದನ್ನು ‘ಜನ ಹೀಗೆ ಹೇಳುತ್ತಾರೆ’ ಅಂತಲೇ ಪೂರ್ತಿಯಾಗಿ, ಪ್ರೀತಿಯಿಂದ ಬರೆಯಿರಿ. ಅಶೋಕನ ಶಾಸನ ಅದೇ ಬೆಟ್ಟದಲ್ಲಿದೆ, ಅದನ್ನು ಬೇರೆ ಪ್ಯಾರಾದಲ್ಲಿ ಬರೆಯಿರಿ. ಒಂದೇ ಜಗಳದ ಬಗ್ಗೆ ಎರಡು ಮನೆಯವರು ಎರಡು ಥರ ಹೇಳಿದರೆ ಎರಡನ್ನೂ ಹಾಕಿ, ತೀರ್ಪು ಕೊಡೋಕೆ ಹೋಗಬೇಡಿ. ಕೋರ್ಟಿನಲ್ಲಿರುವ ಜಮೀನಿನ ಸುದ್ದಿ ಬೇಡವೇ ಬೇಡ. ದೇವರ ಹೆಸರಲ್ಲಿ ಹೆಣ್ಣುಮಕ್ಕಳನ್ನು ಬಸವಿ ಬಿಟ್ಟದ್ದು, ಜೀತಕ್ಕಿದ್ದದ್ದು ಇಂಥದ್ದನ್ನು ಬರೆಯಲೇಬೇಕು, ಆದರೆ ಮನೆತನದ ಹೆಸರಿಲ್ಲದೆ. ಹಾಳು ಗುಡಿ, ವೀರಗಲ್ಲು, ಗೋರಿಗಳಿರುವ ಜಾಗದ ಮ್ಯಾಪ್ ಲೊಕೇಶನ್ ಹಾಕಲೇಬೇಡಿ. ನಿಧಿ ಆಸೆಗೆ ರಾತ್ರೋರಾತ್ರಿ ಕಲ್ಲು ಕಿತ್ತು ಅಗೆಯುವವರು ಈ ಸೀಮೆಯಲ್ಲಿ ಇನ್ನೂ ಇದ್ದಾರೆ.

ಅಚ್ಚಿಗೆ ಕೊಡುವ ಮುಂಚೆ ಕರಡನ್ನು ಊರ ಕಟ್ಟೆಯಲ್ಲಿ ಜೋರಾಗಿ ಓದಿ. ಒಂದು ಸಂಜೆ ಕೇರಿಯಲ್ಲಿ, ಒಂದು ಸಂಜೆ ಹಟ್ಟಿಯಲ್ಲಿಯೂ ಓದಿ. ಜನ ತಡೆದು ತಿದ್ದುತ್ತಾರೆ, ಬೈಯುತ್ತಾರೆ, ಹೊಸದು ನೆನಪಿಸಿಕೊಳ್ಳುತ್ತಾರೆ, ಒಬ್ಬರು ಪೆನ್ನು ಹಿಡಿದು ಎಲ್ಲವನ್ನೂ ಬರಕೊಳ್ಳಲಿ. ಹೆಚ್ಚು ಪ್ರತಿ ಬೇಕಿಲ್ಲ. ಶಾಲೆಗೆ, ಪಂಚಾಯಿತಿ ಲೈಬ್ರರಿಗೆ, ಮಾತಾಡಿದ ಪ್ರತಿಯೊಬ್ಬರ ಮನೆಗೆ ಒಂದೊಂದು ಕೊಡಿ. ಗಡಿಯಾಚೆಯ ಪಕ್ಕದ ಊರಿಗೂ ಒಂದು ಪ್ರತಿ ಹೋಗಬೇಕು. ತೆಲುಗು ಓದು ಬರಹ ಬರುವವರು ನಿಮ್ಮೂರಲ್ಲೇ ಇರುತ್ತಾರೆ, ಅವರಿಂದ ಆ ಊರಿಗೆ ಸಂಬಂಧಪಟ್ಟ ಭಾಗವನ್ನು ತೆಲುಗಿನಲ್ಲಿ ಬರೆಸಿ ಜೊತೆಗೆ ಇಡಿ, ಅಲ್ಲಿನವರೂ ತಮ್ಮದನ್ನು ಬರೆಯಲು ಶುರು ಮಾಡಿದರೆ ನಿಮ್ಮ ನೋಟ್‌ಬುಕ್, ಆ ಸರ್ಕಾರಗಳ ಹಾಳೆ, ರೆಕಾರ್ಡಿಂಗ್‌ಗಳನ್ನು ಅವರಿಗೂ ಕೊಡಿ.